ಆನ್‌ಲೈನ್ ಕಲಿಕೆಯಲ್ಲಿ ಸಮುದಾಯ

ಆನ್‌ಲೈನ್ ಕಲಿಕಾ ಸಮುದಾಯ : ಅಂತರಜಾಲದ ಮೂಲಕ ಒಂದೇ ವಿಷಯ ಕಲಿಯುತ್ತಿರುವವರು ಪರಸ್ಪರ ಪ್ರಶ್ನೆ ಕೇಳುತ್ತ, ಲೆಕ್ಕ ತಿದ್ದಿಕೊಳ್ಳುತ್ತ, ಹಿಂದೆ ಬಿದ್ದವರನ್ನು ಜೊತೆಗೆ ಕರೆದೊಯ್ಯುವ ಗುಂಪು. ಗುಂಪು ಪರದೆಯ ಮೇಲೆಯೇ ಇರಬೇಕೆಂದಿಲ್ಲ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಕೂತು ವಿಡಿಯೊ ಪಾಠ ನೋಡುವ ಮೂವರು ಗೆಳೆಯರೂ ಇದರ ವ್ಯಾಪ್ತಿಗೆ ಬರುತ್ತಾರೆ. ಪಾಠವನ್ನು ಮನೆಗೆ ತಲುಪಿಸುವುದು ಈಗ ಕಷ್ಟದ ಕೆಲಸವಲ್ಲ. ಕಲಿಯಲು ಬಂದವರು ಕೊನೆಯ ವಾರದವರೆಗೆ ಉಳಿಯುತ್ತಾರೆಯೇ ಎಂಬುದೇ ಕಷ್ಟದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ ಹಲವರು ಒಂದಲ್ಲ ಒಂದು ಹಂತದಲ್ಲಿ ಸಮುದಾಯದ ಬಳಿಗೆ ಬಂದಿದ್ದಾರೆ.

ಅಂತರಜಾಲಕ್ಕೆ ಮೊದಲೂ ಈ ಪ್ರಶ್ನೆ ಇತ್ತು. ಅಂಚೆ ತೆರಪಿನ ಶಿಕ್ಷಣದಲ್ಲಿ ಪಾಠದ ಕಟ್ಟು ಮನೆಗೆ ಬರುತ್ತಿತ್ತು, ಸಹಪಾಠಿ ಬರುತ್ತಿರಲಿಲ್ಲ. 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಟಿ.ವಿ. ಪಾಠಗಳಿಂದ ಹೆಸರು ಮಾಡಿದರೂ ಊರೂರಿನ ಬೋಧಕರನ್ನೂ ಬೇಸಿಗೆ ಶಿಬಿರಗಳನ್ನೂ ನೆಚ್ಚಿಕೊಂಡಿತ್ತು. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಸಂಪರ್ಕ ತರಗತಿಗಳೂ ಸಹಪಾಠಿಯ ಈ ಕೊರತೆಯನ್ನು ಒಂದಿಷ್ಟು ತುಂಬಿದವು. ಅಲ್ಲಿ ಪರಿಚಯವಾದವರು ಆಮೇಲೆ ಪರೀಕ್ಷೆಯವರೆಗೂ ಫೋನಿನಲ್ಲಿ ಜೊತೆಯಾಗುವುದು ಸಾಮಾನ್ಯ ಅನುಭವ.

ಬೃಹತ್ ಮುಕ್ತ ಆನ್‌ಲೈನ್ ಕೋರ್ಸ್, ಅಂದರೆ ‘ಮೂಕ್’ ಎಂಬ ಹೆಸರು ಮೊದಲು ಅಂಟಿದ್ದು 2008ರಲ್ಲಿ ಕೆನಡದ ಮ್ಯಾನಿಟೋಬ ವಿಶ್ವವಿದ್ಯಾಲಯದ ಒಂದು ಕೋರ್ಸಿಗೆ. ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ನಡೆಸಿದ ಆ ತರಗತಿಗೆ ಶುಲ್ಕ ಕಟ್ಟಿದವರು ಸುಮಾರು 25 ಮಂದಿ, ಉಚಿತವಾಗಿ ಸೇರಿದವರು ಸುಮಾರು 2,200. ಅಲ್ಲಿ ಪಠ್ಯಕ್ಕಿಂತ ಭಾಗವಹಿಸಿದವರ ನಡುವಿನ ಕೊಡುಕೊಳ್ಳುವಿಕೆಯೇ ಮುಖ್ಯವಾಗಿತ್ತು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅವರ ಕೃತಕ ಬುದ್ಧಿಮತ್ತೆ ತರಗತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದ ಮೇಲೆ ಈ ಹಾದಿ ಬದಲಾಯಿತು. ಒಳ್ಳೆಯ ವಿಡಿಯೊ ಮತ್ತು ತಾನೇ ಅಂಕ ಕೊಡುವ ಯಂತ್ರ ಸಾಕು ಎಂಬ ನಂಬಿಕೆ ಬೆಳೆಯಿತು. ಹೆಸರು ಉಳಿಯಿತು, ಅದು ಹುಟ್ಟಿದಾಗ ಇದ್ದ ಸಂಗತಿ ಹಿಂದೆ ಸರಿಯಿತು.

ಆ ನಂಬಿಕೆಯನ್ನು ಒರೆಗೆ ಹಚ್ಚಲು ಸಿಕ್ಕ ಅತ್ಯುತ್ತಮ ಉದಾಹರಣೆ 2012ರ ವಸಂತದಲ್ಲಿ ಎಂಐಟಿ ನಡೆಸಿದ ‘ಸರ್ಕ್ಯೂಟ್ಸ್ ಅಂಡ್ ಎಲೆಕ್ಟ್ರಾನಿಕ್ಸ್’ ಕೋರ್ಸ್. ಇದರ ಮುಂದಾಳು ಮಂಗಳೂರಿನಲ್ಲಿ ಬೆಳೆದ ಅನಂತ್ ಅಗರ್‌ವಾಲ್. ಅದೇ ವರ್ಷ ಆರಂಭವಾದ, ಆನ್‌ಲೈನ್ ಕೋರ್ಸುಗಳನ್ನು ಕೊಡುವ ಎಡ್‌ಎಕ್ಸ್ ಸಂಸ್ಥೆಯ ಮುಖ್ಯಸ್ಥರೂ ಅವರೇ ಆದರು. ಸೇರಿದವರು ಸುಮಾರು 1,55,000, ಪ್ರಮಾಣಪತ್ರ ಪಡೆದವರು 7,157. ಕೋರ್ಸಿನ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸೇರಿದವರಲ್ಲಿ ಚರ್ಚಾ ವೇದಿಕೆಯಲ್ಲಿ ಬರೆದವರು ಸರಾಸರಿ ಶೇ. 3 ಮಾತ್ರ. ಪ್ರಮಾಣಪತ್ರ ಪಡೆದವರಲ್ಲಾದರೆ ಈ ಪ್ರಮಾಣ ಶೇ. 52. ಕೋರ್ಸಿನ ಹೊರಗೆ ಯಾರೊಡನೆಯಾದರೂ ಕೂಡಿ ಓದಿದವರು ಒಂಟಿಯಾಗಿ ಓದಿದವರಿಗಿಂತ ಸುಮಾರು ಮೂರು ಅಂಕ ಮುಂದಿದ್ದರು. ಇದರಿಂದ ಚರ್ಚೆಗಿಳಿದವರೆಲ್ಲ ಪಾಸಾಗುತ್ತಾರೆ ಎಂದು ಹೇಳಲಾಗದು. ಓದುವ ಹಠವಿದ್ದವರೇ ಚರ್ಚೆಗೂ ಬಂದಿರಬಹುದು. ಈ ಕ್ಷೇತ್ರದ ಬಹುಪಾಲು ಅಂಕಿಅಂಶಗಳನ್ನು ಓದುವಾಗ ಈ ಎಚ್ಚರ ಬೇಕು. ಶೈಕ್ಷಣಿಕ ಕಂಪನಿಗಳ ಜಾಹೀರಾತುಗಳಲ್ಲಿ ಅದು ಕಾಣುವುದು ಅಪರೂಪ.

ಅದೇ ಕೋರ್ಸಿನಲ್ಲಿ ಮಂಗೋಲಿಯದ ಹದಿನೈದರ ಹುಡುಗನೊಬ್ಬ ಪೂರ್ಣ ಅಂಕ ಗಳಿಸಿದ. ಹಾಗೆ ಗಳಿಸಿದವರು ಒಟ್ಟು 340 ಮಂದಿ. ಕಂಪ್ಯೂಟರಿನ ಮುಂದೆ ಒಬ್ಬನೇ ಕೂತು ಜಗತ್ತನ್ನು ಗೆದ್ದ ಪ್ರತಿಭೆ ಎಂದು ಅವನ ಕಥೆ ದೇಶದೇಶಗಳಲ್ಲಿ ಹರಡಿತು. ಆದರೆ ಉಲಾನ್‌ಬಾತರ್‌ನ ಅವನ ಶಾಲೆಯ ಮುಖ್ಯಸ್ಥರೇ ಎಂಐಟಿಯಲ್ಲಿ ಓದಿ ಬಂದವರು. ಅವರು ಇಪ್ಪತ್ತರಷ್ಟು ಮಕ್ಕಳನ್ನು ಒಟ್ಟಿಗೆ ಈ ಕೋರ್ಸಿಗೆ ಸೇರಿಸಿದ್ದರು. ಸ್ಟ್ಯಾನ್‌ಫರ್ಡ್‌ನ ಅವರ ಗೆಳೆಯರೊಬ್ಬರು ಪ್ರಯೋಗಾಲಯದ ಸಾಮಾನು ಹೊತ್ತು ತಂದು, ಅಲ್ಲೇ ಉಳಿದು ಮಕ್ಕಳ ಕೈಯಿಂದ ಸರ್ಕ್ಯೂಟ್ ಕಟ್ಟಿಸಿದ್ದರು. ಹುಡುಗನ ಪ್ರತಿಭೆ ದೊಡ್ಡದೇ. ಅವನ ಸುತ್ತ ಒಂದು ತರಗತಿಯಿತ್ತು ಎಂಬುದು ಮಾತ್ರ ಕಥೆ ಹೇಳುವವರಿಗೆ ಬೇಡವಾಯಿತು.

ಸಮುದಾಯ ಏನು ಮಾಡುತ್ತದೆ ಎಂಬುದನ್ನು ವಿವರಿಸುವ ಸಿದ್ಧಾಂತಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ 2000ದಲ್ಲಿ ಮುಂದಿಟ್ಟದ್ದು. ಅವರ ಪ್ರಕಾರ ಆನ್‌ಲೈನ್ ತರಗತಿಗೆ ಮೂರು ಬಗೆಯ ಇರವು ಬೇಕು: ಎದುರಿಗೆ ನಿಜವಾದ ಮನುಷ್ಯರಿದ್ದಾರೆ ಎಂಬ ಅರಿವು, ವಿಷಯದ ಬಗ್ಗೆ ಕೂಡಿ ಯೋಚಿಸುವುದು, ಇವೆರಡನ್ನೂ ಸರಿದಾರಿಯಲ್ಲಿಡುವ ಬೋಧಕರ ಹಾಜರಿ. ಸಾಮಾನ್ಯವಾಗಿ ಕೈಕೊಡುವುದು ಮೂರನೆಯದು. ಜಾರ್ಜಿಯ ಟೆಕ್‌ನ ಆನ್‌ಲೈನ್ ಸ್ನಾತಕೋತ್ತರ ತರಗತಿಯೊಂದರಲ್ಲಿ ಒಂದು ಸೆಮಿಸ್ಟರಿಗೆ ಸುಮಾರು ಹತ್ತು ಸಾವಿರ ಸಂದೇಶಗಳು ಬರುತ್ತಿದ್ದವು. ಪ್ರಾಧ್ಯಾಪಕ ಅಶೋಕ್ ಗೋಯಲ್ 2016ರಲ್ಲಿ ‘ಜಿಲ್ ವಾಟ್ಸನ್’ ಎಂಬ ಹೆಸರಿನ ಕಂಪ್ಯೂಟರ್ ಸಹಾಯಕಿಯನ್ನು ಉತ್ತರಿಸುವ ಕೆಲಸಕ್ಕೆ ಹಚ್ಚಿದರು. ಉತ್ತರಿಸುತ್ತಿರುವುದು ಯಂತ್ರ ಎಂದು ಬಹುತೇಕ ವಿದ್ಯಾರ್ಥಿಗಳಿಗೆ ಸೆಮಿಸ್ಟರ್ ಮುಗಿಯುವವರೆಗೂ ತಿಳಿಯಲಿಲ್ಲ. ಯಾವಾಗ ಸಲ್ಲಿಸಬೇಕು, ಯಾವ ರೂಪದಲ್ಲಿ ಎಂಬಂಥ ಪ್ರಶ್ನೆಗಳಿಗೆ ಯಂತ್ರ ಸಾಕಾಗುತ್ತದೆ ಎಂಬುದನ್ನು ಆ ಪ್ರಯೋಗ ತೋರಿಸಿತು.

ಜನರನ್ನು ಒಂದೆಡೆ ಸೇರಿಸಿದ ಮಾತ್ರಕ್ಕೆ ಗುಂಪು ಕುದುರುವುದಿಲ್ಲ. 2013ರ ಆರಂಭದಲ್ಲಿ ಕೋರ್ಸೆರಾ ಎಂಬ ಆನ್‌ಲೈನ್ ಕೋರ್ಸುಗಳ ತಾಣದಲ್ಲಿ, ಆನ್‌ಲೈನ್ ಬೋಧನೆ ಹೇಗೆ ಮಾಡಬೇಕೆಂದು ಕಲಿಸುವ ಕೋರ್ಸೊಂದಕ್ಕೆ ನಲವತ್ತು ಸಾವಿರದಷ್ಟು ಜನ ಸೇರಿದರು. ತಾವಾಗಿಯೇ ಗುಂಪು ಮಾಡಿಕೊಳ್ಳಲು ಅವರೆಲ್ಲರಿಗೂ ಗೂಗಲ್ ಸ್ಪ್ರೆಡ್‌ಶೀಟ್ ಕೊಡಲಾಯಿತು. ಅಷ್ಟು ಜನರ ನೂಕುನುಗ್ಗಲಿಗೆ ಅದು ಕುಸಿದು, ಕೋರ್ಸನ್ನೇ ಮೊದಲ ವಾರದಲ್ಲಿ ನಿಲ್ಲಿಸಬೇಕಾಯಿತು. ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಪಿಯರ್ ಟು ಪಿಯರ್ ಯೂನಿವರ್ಸಿಟಿ ಎಂಬ ಸಂಸ್ಥೆ. 2015ರಿಂದ ಷಿಕಾಗೊ ಸಾರ್ವಜನಿಕ ಗ್ರಂಥಾಲಯದ ಜೊತೆ ಸೇರಿ ಅದು ‘ಕಲಿಕಾ ವಲಯ’ಗಳನ್ನು ನಡೆಸಿತು: ಬೆರಳೆಣಿಕೆಯ ಜನ ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ಕೂತು ಒಂದೇ ಆನ್‌ಲೈನ್ ಕೋರ್ಸ್ ಓದುತ್ತಿದ್ದರು, ಗುಂಪನ್ನು ನಡೆಸುವ ಗ್ರಂಥಪಾಲಕರಿಗೆ ವಿಷಯ ಗೊತ್ತಿರಬೇಕಾಗಿರಲಿಲ್ಲ.

ಭಾರತದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಮೊದಲು ಕೇವಲ ವಿಡಿಯೊ ಮತ್ತು ವೆಬ್ ಪಾಠಗಳ ಭಂಡಾರವಾಗಿತ್ತು. 2014ರಲ್ಲಿ ಪ್ರಮಾಣಪತ್ರದ ಕೋರ್ಸುಗಳು ಬಂದವು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಲೋಕಲ್ ಚಾಪ್ಟರ್’ಗಳು ಹುಟ್ಟಿಕೊಂಡವು. ಕಾಲೇಜಿನ ಒಬ್ಬ ಅಧ್ಯಾಪಕರು ಹೊಣೆ ಹೊರುತ್ತಾರೆ, ವಿಷಯವಾರು ಮೆಂಟರ್‌ಗಳು ವಾರದ ಅಸೈನ್‌ಮೆಂಟ್ ನೆನಪಿಸುತ್ತಾರೆ. ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ‘ವಿಷಯ ಶಿಕ್ಷಕರ ವೇದಿಕೆ’ ಇನ್ನೊಂದು ಬಗೆಯದು. ತರಬೇತಿಯಲ್ಲಿ ಮುಖ ನೋಡಿ ಪರಿಚಯವಾದ ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಮೇಷ್ಟ್ರುಗಳು ಇ-ಮೇಲ್ ಗುಂಪುಗಳಲ್ಲಿ ಪಾಠದ ಅನುಮಾನ, ಪ್ರಶ್ನೆಪತ್ರಿಕೆಗಳನ್ನು ಕನ್ನಡದಲ್ಲೇ ಹಂಚಿಕೊಂಡರು.

ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಫೋನ್ ಇಲ್ಲದ ಮಕ್ಕಳನ್ನೂ ಕಲಿಕೆಯ ಗುಂಪಿಗೆ ತರಲು ರಾಜ್ಯ ಸರ್ಕಾರ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಕಾರ್ಯಕ್ರಮ ಆರಂಭಿಸಿತು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ ಶಿಕ್ಷಕರು ಕೇರಿಗಳಿಗೆ ಹೋದರು. ದೇವಸ್ಥಾನದ ಜಗಲಿಯಲ್ಲಿ, ಮರದಡಿಯಲ್ಲಿ ಪಾಠ ನಡೆಯಿತು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಬೇರೆ ರೂಪದಲ್ಲಿ ಶಾಲೆಯ ಆವರಣಕ್ಕೆ ಮರಳಿತು.

ಇಂದು ಕನ್ನಡದಲ್ಲಿ ಜೀವಂತವಾಗಿರುವ ಆನ್‌ಲೈನ್ ಕಲಿಕಾ ಸಮುದಾಯಗಳಲ್ಲಿ ಹಲವನ್ನು ಯಾವ ಸಂಸ್ಥೆಯೂ ಕಟ್ಟಿದ್ದಲ್ಲ. ಕೆಎಎಸ್, ಪಿಡಿಒ, ಪೊಲೀಸ್ ಹುದ್ದೆಗಳ ಪರೀಕ್ಷೆಗೆ ಓದುವವರ ಟೆಲಿಗ್ರಾಂ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ದಿನದ ರಸಪ್ರಶ್ನೆ, ನೋಟ್ಸ್, ಕೀ ಉತ್ತರದ ಜಗಳ ಎಲ್ಲವೂ ನಡೆಯುತ್ತವೆ. ಬೋಧಕರ ಹಾಜರಿಯಿಲ್ಲದ ಕಾರಣ ತಪ್ಪು ಉತ್ತರಗಳೂ ಪ್ರಶ್ನೆಪತ್ರಿಕೆ ಸೋರಿಕೆಯ ಗಾಳಿಸುದ್ದಿಗಳೂ ಅಷ್ಟೇ ವೇಗವಾಗಿ ಹರಡುತ್ತವೆ.