ಮಗುವಿನ ಕೈಗೆ ಗಾಲ್ಫ್ ಕೋಲು ಕೊಟ್ಟವರು ಯಾರು?

ಗಾಲ್ಫ್ ಅಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಹೊಟ್ಟೆ ಬಂದ ಸಾಹೇಬರು, ಬಿಳಿ ಟೋಪಿ, ಹುಲ್ಲಿನ ಮೈದಾನ, ಹಿಂದೆ ಭಾರದ ಚೀಲ ಹೊತ್ತು ನಡೆಯುವ ಒಬ್ಬ ಹುಡುಗ. ಸಾಹೇಬರನ್ನು ಸ್ವಲ್ಪ ಹೊತ್ತು ಬಿಡಿ, ಆ ಹುಡುಗನನ್ನು ನೋಡಿ. ಅವನನ್ನು ಕ್ಯಾಡಿ ಅಂತಾರೆ. ಈ ಆಟದ ಚರಿತ್ರೆಯಲ್ಲಿ ದೊಡ್ಡ ಪಾಲು ಅವನದೇ.

ಇದನ್ನೆಲ್ಲ ನಾನು ಓದಲು ಕೂತದ್ದಕ್ಕೆ ಕಾರಣ ಮನೆಯೊಳಗಿನ ಒಂದು ಚರ್ಚೆ. ಮಗಳು, ಅಳಿಯ ಗುರ್‌ಗಾಂವ್‌ನಲ್ಲಿದ್ದಾರೆ. ಆರು ವರ್ಷದ ಮೊಮ್ಮಗಳನ್ನು ಗಾಲ್ಫ್ ಕೋಚಿಂಗಿಗೆ ಹಾಕಬೇಕು ಅಂತ ಅಳಿಯಂದಿರ ಆಸೆ. "ಅಪ್ಪಾ, ನೀವು ಬ್ಯಾಂಕಿನವರು, ಇದು ಗಿಟ್ಟುತ್ತಾ ನೋಡಿ ಹೇಳಿ" ಅಂದಳು ಮಗಳು. ಕೋಚಿಂಗ್ ಫೀಸು, ಮಕ್ಕಳ ಅಳತೆಯ ಸೆಟ್ಟು, ಬೂಟು, ಕೈಗವಸು, ಎಲ್ಲ ಕೂಡಿಸಿದೆ. ಬಿ.ಕಾಂ. ಓದಿದವನ ಬುದ್ಧಿ, ಖರ್ಚಿನ ಕಡೆ ಬರೆದ ಮೇಲೆ ಜಮಾದ ಕಡೆ ಏನಿದೆ ಅಂತ ಹುಡುಕುತ್ತೆ. ದೊಡ್ಡ ಆಟಗಾರರಿಗೆ ಚಿಕ್ಕಂದಿನಲ್ಲಿ ಈ ರುಚಿ ಹತ್ತಿದ್ದು ಹೇಗೆ? ಫೀಸು ಕಟ್ಟಿದ್ದರಿಂದಲೇ?

ಮುಂದೆ ಹೋಗೋ ಮೊದಲು ಒಂದು ಮಾತು. ಗಾಲ್ಫಿನಲ್ಲಿ ಹೊಡೆಯುವ ಕೋಲಿಗೂ ಕ್ಲಬ್ ಅಂತಾರೆ, ಆಡುವ ಸಂಸ್ಥೆಗೂ ಕ್ಲಬ್ ಅಂತಾರೆ. ಗೊಂದಲ ಬೇಡ, ಕೋಲನ್ನು ನಾನು ಕೋಲು ಅಂತಲೇ ಬರೀತೀನಿ.

ಆಟ ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ, ಸಮುದ್ರದ ದಂಡೆಯ ಮರಳು ಹುಲ್ಲುಗಾವಲುಗಳಲ್ಲಿ. 1457ರಲ್ಲೇ ಅಲ್ಲಿನ ಪಾರ್ಲಿಮೆಂಟು ಫುಟ್‌ಬಾಲನ್ನೂ ಗಾಲ್ಫನ್ನೂ ನಿಷೇಧಿಸಿತು. ಜನ ಬಿಲ್ಲುವಿದ್ಯೆ ಅಭ್ಯಾಸ ಮಾಡೋದು ಬಿಟ್ಟು ಇದರ ಹಿಂದೆ ಬಿದ್ದಿದ್ದರಂತೆ. ನಿಷೇಧ ಮಾಡಿದ್ದಾರೆ ಅಂದ್ರೆ ಆಡುವವರು ಬೇಕಾದಷ್ಟು ಇದ್ದರು ಅಂತಲೇ ಅರ್ಥ, ಅಲ್ವೇ? ಆದರೆ ಮುಂದಿನ ಶತಮಾನಗಳಲ್ಲಿ ಚೆಂಡೇ ಒಂದು ತಡೆಗೋಡೆಯಾಯಿತು. ತೊಗಲಿನ ಚೀಲದೊಳಗೆ ಬೇಯಿಸಿದ ಹಕ್ಕಿಗರಿ ತುರುಕಿ, ಹೊಲಿದು ಮಾಡುತ್ತಿದ್ದ ಚೆಂಡು ಅದು. ನುರಿತ ಕೆಲಸಗಾರ ದಿನಕ್ಕೆ ನಾಲ್ಕಾರು ಮಾಡಿದರೆ ಹೆಚ್ಚು. ಮಳೆಯಲ್ಲಿ ನೆನೆದರೆ ಕೆಟ್ಟು ಹೋಗೋದು. ಅಂಥ ಚೆಂಡನ್ನು ಮಗುವಿನ ಕೈಗೆ ಯಾರು ಕೊಡುತ್ತಾರೆ? 1848ರ ಸುಮಾರಿಗೆ ಗಟ್ಟಾಪರ್ಚಾ ಅಂತ ಮಲಯ ಕಡೆಯ ಒಂದು ಮರದ ಅಂಟಿನಿಂದ ಚೆಂಡು ಮಾಡೋದು ಶುರುವಾಯಿತು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಉಂಡೆ ಕಟ್ಟಿದರೆ ಮುಗೀತು, ಒಡೆದರೆ ಮತ್ತೆ ಕರಗಿಸಿ ಮಾಡಬಹುದು. ಬೆಲೆ ಇಳಿಯಿತು, ಸಾಮಾನ್ಯರ ಮನೆಯ ಮಕ್ಕಳಿಗೂ ಚೆಂಡು ಸಿಕ್ಕಿತು.

ಆ ಕಾಲದಲ್ಲಿ ಬೆಳೆದ ಹುಡುಗ ಟಾಮ್ ಮಾರಿಸ್, 1851ರಲ್ಲಿ ಹುಟ್ಟಿದವನು. ಅಪ್ಪನ ಹೆಸರೂ ಟಾಮ್ ಮಾರಿಸ್ಸೇ, ಆತ ಪ್ರೆಸ್ಟ್‌ವಿಕ್ ಮೈದಾನ ನೋಡಿಕೊಳ್ಳುವ ಕೆಲಸದವನು. ಮೈದಾನವೇ ಮನೆಯಂಗಳವಾಗಿ ಬೆಳೆದ ಮಗ 1868ರಲ್ಲಿ, 17ನೇ ವಯಸ್ಸಿಗೆ, ಅಲ್ಲೇ ಓಪನ್ ಚಾಂಪಿಯನ್‌ಷಿಪ್ ಗೆದ್ದ. ಅವನಿಗಿಂತ ಚಿಕ್ಕ ವಯಸ್ಸಿನ ಚಾಂಪಿಯನ್ ಆ ಪಂದ್ಯಕ್ಕೆ ಇವತ್ತಿನವರೆಗೂ ಬಂದಿಲ್ಲ.

ನನಗೆ ಅತಿ ಇಷ್ಟವಾದದ್ದು ಅಮೆರಿಕದ ಫ್ರಾನ್ಸಿಸ್ ವೀಮೆಟ್ ಕಥೆ. ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಶ್ರೀಮಂತರ ಕ್ಲಬ್ಬು, ಅದರ ಎದುರು ರಸ್ತೆಯ ಆಚೆ ಒಂದು ಸಾಧಾರಣ ಮನೆ. ಅಪ್ಪ ತೋಟಗಾರಿಕೆ ಮಾಡಿಕೊಂಡಿದ್ದ ವಲಸಿಗ, ಗಾಲ್ಫ್ ಕಂಡರೆ ಆಗದು. ಹುಡುಗ ಶಾಲೆಗೆ ಹೋಗಿ ಬರುವಾಗ ಮೈದಾನದಲ್ಲಿ ಕಳೆದುಹೋದ ಚೆಂಡುಗಳನ್ನು ಹೆಕ್ಕಿ ಕೂಡಿಡುತ್ತಿದ್ದ. ಅಣ್ಣನೂ ಇವನೂ ಸೇರಿ ಮನೆ ಹಿಂದಿನ ಹುಲ್ಲುಗಾವಲಿನಲ್ಲಿ ತಾವೇ ಕುಳಿ ತೋಡಿ ಆಟದ ದಾರಿ ಮಾಡಿಕೊಂಡರು. ಹೆಕ್ಕಿದ ಚೆಂಡು ಕೊಟ್ಟು ಅಂಗಡಿಯಿಂದ ಕೋಲು ತಂದರು. ಎಂಥ ಚೊಕ್ಕ ವ್ಯವಹಾರ ನೋಡಿ! ಆಮೇಲೆ ಫ್ರಾನ್ಸಿಸ್ ರಸ್ತೆಯಾಚೆಯ ಕ್ಲಬ್ಬಿನಲ್ಲೇ ಕ್ಯಾಡಿಯಾಗಿ ಚೀಲ ಹೊತ್ತ, ಒಳ್ಳೆ ಆಟಗಾರರ ಕೈಚಳಕವನ್ನು ಹತ್ತಿರದಿಂದ ನೋಡಿದ.

1913ರಲ್ಲಿ ಯು.ಎಸ್. ಓಪನ್ ಅದೇ ಮೈದಾನಕ್ಕೆ ಬಂತು. ಇಂಗ್ಲೆಂಡಿನಿಂದ ಬಂದ ಹ್ಯಾರಿ ವಾರ್ಡನ್, ಟೆಡ್ ರೇ ಜಗತ್ತಿನ ದಿಗ್ಗಜರು. ವೀಮೆಟ್ಟನಿಗೆ 20 ವರ್ಷ, ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಕೆಲಸ. ಅವನ ಚೀಲ ಹೊರಲು ಬಂದವನು ಎಡ್ಡಿ ಲೋವೆರಿ, ಹತ್ತು ವರ್ಷದ ಪೋರ. ಬರಬೇಕಾಗಿದ್ದವನು ಎಡ್ಡಿಯ ಅಣ್ಣ. ಶಾಲೆ ತಪ್ಪಿಸುವವರನ್ನು ಹಿಡಿಯುವ ಅಧಿಕಾರಿಯ ಕೈಗೆ ಅವನು ಸಿಕ್ಕಿಬಿದ್ದ, ತಮ್ಮ ತಪ್ಪಿಸಿಕೊಂಡು ಬಂದ. ಮೂವರ ಅಂಕ ಸಮವಾಗಿ ಮತ್ತೊಂದು ದಿನ ಆಡಬೇಕಾಯಿತು. ಇಂಥ ದೊಡ್ಡ ದಿನ ಈ ಚೋಟುದ್ದದ ಹುಡುಗ ಯಾಕೆ, ಅನುಭವಸ್ಥ ಕ್ಯಾಡಿ ಇರಲಿ ಅಂತ ಹಿರಿಯರು ಹೇಳಿದರು. ಹುಡುಗನ ಕಣ್ಣಲ್ಲಿ ನೀರು. ವೀಮೆಟ್ ಎಡ್ಡಿಯನ್ನೇ ಉಳಿಸಿಕೊಂಡ. ಫಲಿತಾಂಶ ವೀಮೆಟ್ 72, ವಾರ್ಡನ್ 77, ರೇ 78. ಕುತ್ತಿಗೆಗೆ ಟವೆಲ್ ಹಾಕಿಕೊಂಡು ತನ್ನಷ್ಟೇ ಎತ್ತರದ ಚೀಲ ಹೊತ್ತು ನಡೆಯುವ ಎಡ್ಡಿಯ ಫೋಟೋ ಇದೆ, ಸಿಕ್ಕರೆ ನೋಡಿ. ಮುಂದೆ ಆ ಪೋರ ಕ್ಯಾಲಿಫೋರ್ನಿಯಾದಲ್ಲಿ ಕಾರು ವ್ಯಾಪಾರ ಮಾಡಿ ದೊಡ್ಡ ಸಾಹುಕಾರನಾದ. ವೀಮೆಟ್ ಹೆಸರಿನಲ್ಲಿ 1949ರಲ್ಲಿ ಶುರುವಾದ ನಿಧಿ ಕ್ಯಾಡಿ ಕೆಲಸ ಮಾಡಿದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ.

ಹೀಗೆ ಹುಡುಕುತ್ತಾ ಹೋದರೆ ಒಂದೇ ರಾಗ ಬೇರೆ ಬೇರೆ ಊರಲ್ಲಿ ಕೇಳುತ್ತೆ. ಅಟ್ಲಾಂಟಾದ ಬಾಬಿ ಜೋನ್ಸ್ ಉಳ್ಳವರ ಮನೆಯ ಮಗು, ಕಾಯಿಲೆಯ ಮಗು. ಅವನಿಗೆ ಯಾರೋ ಕತ್ತರಿಸಿ ಗಿಡ್ಡ ಮಾಡಿದ ಒಂದು ಹಳೇ ಕೋಲು ಕೊಟ್ಟರು. ಅಲ್ಲಿನ ಸ್ಕಾಟಿಷ್ ಶಿಕ್ಷಕ ಸ್ಟುವರ್ಟ್ ಮೇಡನ್ನರ ಹಿಂದೆ ಹಿಂದೆ ನಡೆದು, ಅವರು ಬೀಸುವುದನ್ನು ನೋಡಿ ನೋಡಿ ಹಾಗೇ ಬೀಸಿದ. ಸ್ಪೇನಿನ ಸೆವೆ ಬಯೆಸ್ಟೆರೋಸ್ ರೈತನ ಮಗ, ಕ್ಯಾಡಿ. ಕ್ಯಾಡಿಗಳು ಮೈದಾನದಲ್ಲಿ ಮನಸ್ಸು ಬಂದಾಗ ಆಡುವಂತಿರಲಿಲ್ಲ, ಹಾಗಾಗಿ ಒಂದೇ ಒಂದು ಕೋಲು ಹಿಡಿದು ಪೆದ್ರೆನ್ಯದ ಕಡಲ ಮರಳಿನಲ್ಲಿ ಆಡಿದ. ಒಂದೇ ಕೋಲಿನಲ್ಲಿ ಹತ್ತು ಬಗೆ ಹೊಡೆಯುವ ಕಲೆ ಅಲ್ಲಿ ಬಂತು. 1979ರಿಂದ 1988ರೊಳಗೆ ಐದು ಪ್ರಮುಖ ಪ್ರಶಸ್ತಿ ಗೆದ್ದ.

ನೀವೇ ಹೇಳಿ, ಚಿನ್ನಿದಾಂಡು ನಮಗೆ ಯಾರು ಕಲಿಸಿದರು? ದೊಡ್ಡ ಹುಡುಗರು ಆಡೋದು ನೋಡಿದ್ದು, ಒಂದು ಕೋಲು ಕೆತ್ತಿಕೊಂಡದ್ದು, ಅಷ್ಟೇ ತಾನೆ.

ಈಗ ಟೈಗರ್ ವುಡ್ಸ್. ಅಳಿಯಂದಿರ ವಾದವೆಲ್ಲ ನಿಂತಿರೋದು ಇವನ ಮೇಲೆ. ಅಪ್ಪ ಅರ್ಲ್ ವುಡ್ಸ್ ಸೈನ್ಯದಿಂದ ನಿವೃತ್ತರಾದ ಲೆಫ್ಟಿನೆಂಟ್ ಕರ್ನಲ್, ತಾವೇ ನಲವತ್ತು ದಾಟಿದ ಮೇಲೆ ಗಾಲ್ಫ್ ಹಿಡಿದವರು. ಗ್ಯಾರೇಜಿನಲ್ಲಿ ಬಲೆ ಕಟ್ಟಿಕೊಂಡು ಅಭ್ಯಾಸ ಮಾಡುವಾಗ ಇನ್ನೂ ವರ್ಷ ತುಂಬದ ಮಗನನ್ನು ಎತ್ತರದ ಕುರ್ಚಿಯಲ್ಲಿ ಎದುರಿಗೆ ಕೂರಿಸುತ್ತಿದ್ದರು. 1978ರಲ್ಲಿ, ಎರಡೇ ವರ್ಷದ ಟೈಗರ್ ಟಿವಿ ಕಾರ್ಯಕ್ರಮದಲ್ಲಿ ಚೆಂಡು ಹೊಡೆದ. 1997ರಲ್ಲಿ 21ನೇ ವಯಸ್ಸಿಗೆ ಮಾಸ್ಟರ್ಸ್ ಗೆದ್ದ. ಅದಾದ ಮೇಲೆ ಜಗತ್ತಿನ ತುಂಬ ಅಪ್ಪಂದಿರು ಮಕ್ಕಳನ್ನು ಎರಡನೇ ವಯಸ್ಸಿಗೇ ಮೈದಾನಕ್ಕೆ ಎಳೆದರು.

ಆದರೆ ಎಳೆದವರು ಮರೆತ ಎರಡು ಸಂಗತಿ ಅದೇ ಕಥೆಯಲ್ಲಿವೆ. ಅರ್ಲ್ ವುಡ್ಸ್ ಮಗನನ್ನು ಆಟಕ್ಕೆ ಕರೆಯುತ್ತಿರಲಿಲ್ಲ, ಮಗನೇ ಕೇಳಬೇಕಿತ್ತು. ಪುಟ್ಟ ಟೈಗರ್ ಅಪ್ಪನ ಆಫೀಸಿನ ಫೋನ್ ನಂಬರ್ ಬಾಯಿಪಾಠ ಮಾಡಿಕೊಂಡು, ಇವತ್ತು ನಿಮ್ಮ ಜೊತೆ ಆಡಬಹುದಾ ಅಂತ ಫೋನ್ ಮಾಡುತ್ತಿದ್ದ. ಅಪ್ಪ ಸ್ವಲ್ಪ ಯೋಚಿಸಿದವರಂತೆ ಮಾಡಿ ಹೂಂ ಅನ್ನುತ್ತಿದ್ದರು. ಇನ್ನೊಂದು, ಕಲಿಸಿದ ಕ್ರಮ. ದೂರದ ಹೊಡೆತದಿಂದ ಶುರುಮಾಡದೆ ಕುಳಿಯ ಪಕ್ಕದಿಂದ ಶುರುಮಾಡಿದರು. ಮೊದಲು ಎರಡಡಿ ದೂರದಿಂದ ಚೆಂಡನ್ನು ಕುಳಿಗೆ ತಳ್ಳೋದು, ಆಮೇಲೆ ಸ್ವಲ್ಪ ಸ್ವಲ್ಪ ಹಿಂದೆ ಸರಿಯೋದು. ಚೆಂಡು ಕುಳಿಗೆ ಬೀಳುವ ಟಕ್ ಸದ್ದು ಮಗುವಿಗೆ ಮೊದಲ ದಿನವೇ ಕೇಳಿಸುತ್ತೆ. ಅಳಿಯಂದಿರಿಗೆ ಇದನ್ನು ಹೇಳಿದಾಗ "ಮಾವ, ಇದು ನನಗೆ ಗೊತ್ತಿರಲಿಲ್ಲ" ಅಂದರು. ಇರಲಿ.

ನಮ್ಮ ದೇಶಕ್ಕೆ ಬರೋಣ. ಬ್ರಿಟಿಷ್ ದ್ವೀಪಗಳ ಹೊರಗೆ ಅತಿ ಹಳೆಯ ಗಾಲ್ಫ್ ಕ್ಲಬ್ 1829ರ ರಾಯಲ್ ಕಲ್ಕತ್ತಾ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಸಾಹೇಬರು ಆಡಿದರು, ಅವರು ಹೋದ ಮೇಲೆ ನಮ್ಮ ಸಾಹೇಬರು ಆಡಿದರು. ಚೀಲ ಹೊತ್ತವರು ಮಾತ್ರ ಅದೇ ಅಕ್ಕಪಕ್ಕದ ಹಳ್ಳಿ, ಕೇರಿಗಳ ಹುಡುಗರು. 1964ರಲ್ಲಿ ಶುರುವಾದ ಇಂಡಿಯನ್ ಓಪನ್ನಿನಲ್ಲಿ ಒಬ್ಬ ಭಾರತೀಯ ವೃತ್ತಿಪರ ಗೆಲ್ಲಲು 1991 ಬರಬೇಕಾಯಿತು. ಗೆದ್ದವರು ಅಲಿ ಶೇರ್, ಇದೇ ದೆಹಲಿ ಗಾಲ್ಫ್ ಕ್ಲಬ್ಬಿನ ಕ್ಯಾಡಿಯಾಗಿದ್ದವರು, ಗೆದ್ದದ್ದೂ ಅದೇ ಮೈದಾನದಲ್ಲಿ. 2008ರಲ್ಲಿ ಅಲ್ಲೇ ಇಂಡಿಯನ್ ಮಾಸ್ಟರ್ಸ್ ಗೆದ್ದ ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದರು. 2009ರಲ್ಲಿ ನಮ್ಮ ಚಿನ್ನಸ್ವಾಮಿ ಮುನಿಯಪ್ಪ ಗುರ್‌ಗಾಂವ್‌ನಲ್ಲಿ ಇಂಡಿಯನ್ ಓಪನ್ ಗೆದ್ದರು. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ ಕ್ಯಾಡಿಯಾಗಿ ಆಟ ಕಂಡವರು ಅವರು. ಪತ್ರಿಕೆಯಲ್ಲಿ ಆ ಹೆಸರು ಓದಿ ನಮ್ಮ ಬ್ರಾಂಚಿನಲ್ಲಿ "ಇವರು ನಮ್ಮೂರ ಕಡೆಯವರು" ಅಂತ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಾಡಿದ್ದು ನೆನಪಿದೆ. ಕ್ರಿಕೆಟ್ ಬಿಟ್ಟರೆ ಬೇರೆ ಮಾತಾಡದ ಪಂಜಾಬಿ ಸಹೋದ್ಯೋಗಿಗಳು ಪಾಪ ಕೇಳಿಸಿಕೊಂಡರು.

ಕ್ಯಾಡಿ ಬದುಕಿನ ಇನ್ನೊಂದು ಮುಖ ಡರ್ಬನ್ನಿನದು. ಪಾಪ್ವಾ ಸೆವ್‌ಗೋಲಮ್, ದಕ್ಷಿಣ ಆಫ್ರಿಕಾದ ಭಾರತೀಯ ಮೂಲದ ಬಡ ಹುಡುಗ, ಓದು ಬರಹ ಇಲ್ಲ. ಮರದ ಕೊಂಬೆಯಲ್ಲಿ ಚೆಂಡು ಹೊಡೆದು ಕಲಿತವನು. ಹೇಳಿಕೊಡುವವರು ಇಲ್ಲದೆ ಕೋಲನ್ನು ಎಲ್ಲರಿಗೂ ತಿರುಗುಮುರುಗಾಗಿ, ಬಲಗೈಯ ಕೆಳಗೆ ಎಡಗೈ ಇಟ್ಟು ಹಿಡಿಯುತ್ತಿದ್ದ. ಆ ಹಿಡಿತದಲ್ಲೇ 1959, 1960, 1964ರಲ್ಲಿ ಡಚ್ ಓಪನ್ ಗೆದ್ದ. 1963ರಲ್ಲಿ ಸ್ವಂತ ಊರಿನಲ್ಲಿ ನಟಾಲ್ ಓಪನ್ ಗೆದ್ದಾಗ ವರ್ಣಭೇದದ ಕಾನೂನಿನ ಕಾರಣ ಕ್ಲಬ್ಬಿನ ಕಟ್ಟಡದೊಳಗೆ ಅವನಿಗೆ ಪ್ರವೇಶವಿಲ್ಲ. ಒಳಗೆ ಬಿಳಿಯರು, ಹೊರಗೆ ಮಳೆಯಲ್ಲಿ ನಿಂತು ಪ್ರಶಸ್ತಿ ತಗೊಂಡ. 1965ರಲ್ಲಿ ಗ್ಯಾರಿ ಪ್ಲೇಯರ್ ಅವರನ್ನೇ ಹಿಂದೆ ಹಾಕಿ ಮತ್ತೆ ಗೆದ್ದ. ಆಮೇಲೆ ಸರ್ಕಾರ ಅವನಿಗೆ ಆಡುವ ಅವಕಾಶವನ್ನೇ ಮುಚ್ಚಿತು. 1978ರಲ್ಲಿ ಬಡತನದಲ್ಲೇ ತೀರಿಕೊಂಡ. ಮೈದಾನದ ಹತ್ತಿರ ಇದ್ದದ್ದು ಅವನಿಗೆ ಆಟ ಕೊಟ್ಟಿತು, ಬಾಗಿಲು ಕೊಡಲಿಲ್ಲ.

ಅದಿತಿ ಅಶೋಕ್ ಅವರ ದಾರಿ ಬೇರೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹುಡುಗಿ. ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಐದು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಅಭ್ಯಾಸದ ಜಾಗ ಕಾಣುತ್ತಿತ್ತು. ಅದೇನು ಅಂತ ಕೇಳಿದಳು. ಮೂವರೂ ಹೋದರು, ಮೂವರೂ ಒಟ್ಟಿಗೆ ಕಲಿತರು. ನನ್ನ ಲೆಕ್ಕದಲ್ಲಿ ಈ ಕಥೆಯ ಮುಖ್ಯ ಸಾಲು ಇದೇ: ಮಗಳನ್ನು ಬಿಟ್ಟು ಕಾರಿನಲ್ಲಿ ಮೊಬೈಲ್ ನೋಡುತ್ತಾ ಕೂರಲಿಲ್ಲ, ಜೊತೆಗೆ ಆಡಿದರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಮಗಳ ಚೀಲ ಹೊತ್ತವರು ಅಪ್ಪ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಚೀಲ ಹೊತ್ತವರು ಅಮ್ಮ. ಆ ಶನಿವಾರ ಬೆಳಗ್ಗೆ ಗಾಲ್ಫಿನ ಗಂಧವಿಲ್ಲದವರೆಲ್ಲ ಟಿವಿ ಮುಂದೆ ಕೂತಿದ್ದೆವು. ಒಂದೇ ಒಂದು ಹೊಡೆತದಲ್ಲಿ ಪದಕದ ಸಾಲು ತಪ್ಪಿ ನಾಲ್ಕನೇ ಸ್ಥಾನ ಬಂತು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬಂದರೆ, ದೊಡ್ಡ ಸೆಟ್ಟು, ವರ್ಷದ ಫೀಸು ಎರಡನ್ನೂ ಹೊಡೆದು ಹಾಕಿದೆ. ಮಕ್ಕಳ ಅಳತೆಯ ಎರಡು ಕೋಲು, ಅದರಲ್ಲೊಂದು ಕುಳಿಗೆ ತಳ್ಳುವಂಥದ್ದು, ಒಂದು ಡಜನ್ ಹಳೇ ಚೆಂಡು, ಭಾನುವಾರ ಬೆಳಗ್ಗೆ ಅಪ್ಪ ಮಗಳು ಇಬ್ಬರೂ ಹೋಗೋದು. ಮುಂದಿನ ಭಾನುವಾರ ಹೋಗೋಣವೇ ಅಂತ ಅವಳೇ ಕೇಳುವವರೆಗೆ ಯಾರೂ ಕೇಳಕೂಡದು. ಅಳಿಯಂದಿರಿಗೆ ಈ ಕೊನೆಯ ಷರತ್ತೇ ಅತಿ ಕಷ್ಟ.

ನನ್ನನ್ನು ಕಾಡುತ್ತಿರೋದು ಬೇರೆ. ವೀಮೆಟ್ಟನಿಂದ ಮುನಿಯಪ್ಪನವರವರೆಗೆ ಬಡವರ ಮಕ್ಕಳು ಮೈದಾನದ ಹತ್ತಿರ ಬಂದದ್ದು ದುಡಿಮೆಯ ಬಾಗಿಲಿನಿಂದ. 1986ರ ಬಾಲಕಾರ್ಮಿಕ ಕಾಯಿದೆ, ಅದಕ್ಕೆ 2016ರಲ್ಲಿ ಬಂದ ತಿದ್ದುಪಡಿ ಸೇರಿ, ಮನೆತನದ ಕಸುಬು, ಕಲೆಯಂಥ ಕೆಲವು ವಿನಾಯಿತಿ ಬಿಟ್ಟು 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸರಿಯಾದದ್ದೇ. ಹತ್ತು ವರ್ಷದ ಮಗು ಶಾಲೆಯಲ್ಲಿರಬೇಕು, ಸಾಹೇಬರ ಚೀಲದ ಕೆಳಗಲ್ಲ. ಆದರೆ ಆ ಬಾಗಿಲು ಮುಚ್ಚಿದ ಮೇಲೆ ಬೇರೆ ಯಾವುದನ್ನು ತೆರೆದೆವು? ದೆಹಲಿ ಗಾಲ್ಫ್ ಕ್ಲಬ್ಬಿನ ಸದಸ್ಯತ್ವಕ್ಕೆ ದಶಕಗಟ್ಟಲೆ ಕಾಯಬೇಕು. ಲಾಡೋ ಸರಾಯ್‌ನಲ್ಲಿ, ಕುತುಬ್ ಮಿನಾರಿನ ಹತ್ತಿರ, ಡಿಡಿಎ ಮಾಡಿರುವ ಸಾರ್ವಜನಿಕ ಮೈದಾನವಿದೆ, ಸದಸ್ಯರಲ್ಲದವರೂ ಹಣ ಕಟ್ಟಿ ಆಡಬಹುದು. ನಮ್ಮವಳು ಹೋಗುವಂಥ ಜಾಗ ಅದು, ಅದರ ಬೇಲಿಯಾಚೆಯ ಕೇರಿಯ ಹುಡುಗನಿಗೆ ಆ ಹಣವೂ ಹೆಚ್ಚೇ. ಪುಣೆ, ಚೆನ್ನೈ, ಹೈದರಾಬಾದ್ ಕಡೆ ಇರುವ ಕನ್ನಡಿಗರು ನಿಮ್ಮೂರಲ್ಲಿ ಅಂಥ ಹುಡುಗರಿಗೆ ಬಿಡುವಿನ ದಿನ ಮೈದಾನ ಬಿಟ್ಟುಕೊಡುವ ಕ್ಲಬ್ಬು ಇದ್ದರೆ ದಯವಿಟ್ಟು ತಿಳಿಸಿ.