ಶಾಸನಗಳ ಸಂಖ್ಯಾಕ್ರಮವೂ ದತ್ತಸಂಚಯವೂ

ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶ್ರೀರಂಗಪಟ್ಟಣದ ಶಾಸನಗಳು 1894ರ 3ನೆಯ ಸಂಪುಟದಲ್ಲಿಯೂ, ಕೃಷ್ಣರಾಜಪೇಟೆ, ನಾಗಮಂಗಲಗಳವು 1898ರ 4ನೆಯ ಸಂಪುಟದಲ್ಲಿಯೂ ಅಚ್ಚಾದವು. ತಾಲ್ಲೂಕಿನ ಹೆಸರು, ಅದರ ಮುಂದೊಂದು ಸಂಖ್ಯೆ. ಇದೇ ಅಲ್ಲಿಯ ಕ್ರಮ. ಅಂದು ಶ್ರೀರಂಗಪಟ್ಟಣದ ಕೆಳಗೆ ಎಣಿಸಲ್ಪಟ್ಟ ಮೇಲುಕೋಟೆಯ ಶಾಸನಗಳು, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ 6ನೆಯ ಸಂಪುಟದಲ್ಲಿ (1977) ಪಾಂಡವಪುರದ ಕೆಳಗೆ ಬಂದಿವೆ. ಕಲ್ಲು ಇದ್ದಲ್ಲಿಯೇ ಇದ್ದರೂ ಗುರುತು ಬದಲಾಯಿತು. ಹಳೆಯ ಗ್ರಂಥಗಳ ಉಲ್ಲೇಖಗಳಾದರೋ ಹಿಂದಿನ ಸಂಖ್ಯೆಯಲ್ಲಿಯೇ ಉಳಿದಿವೆ.

ಇಂದು ಶಾಸನಗಳನ್ನು ಗಣಕದ ದತ್ತಸಂಚಯಕ್ಕೆ ಸೇರಿಸುವವರ ಮುಂದೆಯೂ ಇದೇ ತೊಡಕಿದೆ. ಊರು, ಅರಸ, ಶಕವರ್ಷಗಳಿಗೆ ಒಂದೊಂದು ಅಂಕಣ ಸಾಕು. ಆದರೆ ನಾಗಮಂಗಲದ 85ನೆಯದಾದ, ಶಕ 698ರ ದೇವರಹಳ್ಳಿ ತಾಮ್ರಶಾಸನದಲ್ಲಿ ಶ್ರೀಪುರುಷನ ವಂಶಾವಳಿ, ದತ್ತಿಯ ಭೂಮಿ, ಅದರ ಎಲ್ಲೆಗಳು ಒಂದರೊಳಗೊಂದು ಅಡಕವಾಗಿವೆ. ಎರಡು ಸಾಲಿನ ವೀರಗಲ್ಲಿನಲ್ಲಿ ಇವಾವುವೂ ಇರವು. ಇಂಥ ವಿಷಮ ವಿವರಗಳನ್ನು ಹೆಸರು, ಮೌಲ್ಯಗಳ ಜೋಡಿಗಳಾಗಿ ಬರೆದಿಡುವ ಜೇಸನ್ ಎಂಬ ಕ್ರಮಕ್ಕೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯವು 2012ರಲ್ಲಿ ಪ್ರತ್ಯೇಕ ಅಂಕಣವನ್ನೇ ಒದಗಿಸಿತು.

ಈ ಸೌಕರ್ಯದಲ್ಲಿ ಅಪಾಯವೂ ಉಂಟು. ಒಬ್ಬರು ‘ಎಲ್ಲೆ’ ಎಂದೂ ಮತ್ತೊಬ್ಬರು ‘ಸೀಮೆ’ ಎಂದೂ ಹೆಸರಿಟ್ಟರೆ ಅರಸುವವನಿಗೆ ಅರ್ಧವೇ ದೊರೆಯುವುದು. ಆದಕಾರಣ ಎಲ್ಲ ಶಾಸನಗಳಿಗೂ ಸಾಮಾನ್ಯವಾದುದು ಅಂಕಣಗಳಲ್ಲಿಯೂ, ಒಂದೊಂದಕ್ಕೆ ವಿಶೇಷವಾದುದು ಗೊತ್ತಾದ ಹೆಸರುಗಳೊಡನೆ ಜೋಡಿಗಳಲ್ಲಿಯೂ ಇರತಕ್ಕದ್ದು. ಹೊಸ ಸಂಖ್ಯೆಯ ಪಕ್ಕದಲ್ಲಿ ರೈಸರ ಸಂಖ್ಯೆಯೂ ಉಳಿಯತಕ್ಕದ್ದು. ಅದು ಅಳಿದರೆ ನೂರು ವರ್ಷದ ವಿದ್ವತ್ತಿಗೂ ಕಲ್ಲಿಗೂ ಇರುವ ಸಂಬಂಧವೇ ಕಡಿಯುವುದು.