ಇಗರ್ಜಿ ಮತ್ತು ಕದಿರು: ಕುಂದಾಪುರ–ಬ್ರಹ್ಮಾವರ ಸೀಮೆಯ ಆರಾಧನಾ ಸಂಸ್ಕೃತಿ

ಚರ್ಚಿನ ಸಾಂಸ್ಕೃತಿಕ ಪಾತ್ರವನ್ನು ಅಳೆಯುವವರು ಹೆಚ್ಚಾಗಿ ಅದರ ಸಭಾಭವನದಲ್ಲಿ ನಡೆಯುವ ನಾಟಕ, ಸಂಗೀತಗಳನ್ನೇ ಲೆಕ್ಕ ಹಾಕುತ್ತಾರೆ. ಕುಂದಾಪುರ ಸೀಮೆಗೆ ಈ ಅಳತೆ ಸಾಲದು. ಇಲ್ಲಿ ಊರಿನ ಬದುಕು ಪೂಜೆಯ ಮೂಲಕವೇ ಇಗರ್ಜಿಯ ಒಳಗೆ ಬಂದಿದೆ.

ಪೋರ್ಚುಗೀಸರು 1569ರಲ್ಲಿ ಕುಂದಾಪುರದ ಬಳಿಯ ಬಸರೂರನ್ನು ಹಿಡಿದದ್ದು ಮುಖ್ಯವಾಗಿ ಅಕ್ಕಿಯ ವ್ಯಾಪಾರಕ್ಕಾಗಿ. ಕುಂದಾಪುರದ ರೋಜರಿ ಮಾತಾ ಇಗರ್ಜಿ ತನ್ನ ಆರಂಭವನ್ನು 1570ಕ್ಕೆ ಒಯ್ಯುತ್ತದೆ. ಮುಂದಿನ ಶತಮಾನದ ನಡುವೆ ಕೆಳದಿಯ ಶಿವಪ್ಪ ನಾಯಕ ಈ ಕರಾವಳಿಯಿಂದ ಪೋರ್ಚುಗೀಸರನ್ನು ತೆರವುಗೊಳಿಸಿದ. 1681ರಲ್ಲಿ ಗೋವೆಯಿಂದ ಬಂದ ಧರ್ಮಗುರು ಜೋಸೆಫ್ ವಾಜ್ (2015ರಲ್ಲಿ ಸಂತ ಪದವಿ) ಕುಂದಾಪುರದಲ್ಲೂ ಸೇವೆ ಸಲ್ಲಿಸಿದರು. ಆಳುವವರ ಆಸರೆ ತಪ್ಪಿದ ಮೇಲೂ ಸಮುದಾಯ ಬೇರೂರಿ ನಿಂತ ಬಗೆ ತಿಳಿಯಬೇಕಾದರೆ ಗದ್ದೆಯ ಕಡೆ ನೋಡಬೇಕು.

ಕನ್ಯಾ ಮರಿಯಮ್ಮನ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಆಕೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಧರ್ಮಗುರುಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸುತ್ತಾರೆ. ಮೆರವಣಿಗೆ, ಬಲಿಪೂಜೆಯಾದ ಮೇಲೆ ಮನೆಮನೆಗೂ ತೆನೆ ಹಂಚಿಕೆಯಾಗುತ್ತದೆ. ಮನೆಯಲ್ಲಿ ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆ ದಿನ ಮೀನು, ಮಾಂಸ ಇಲ್ಲ. ಬಾಳೆ ಎಲೆಯ ಮೇಲೆ ತರಕಾರಿ ಊಟ. ನೆರೆಯ ಹಿಂದೂ ಮನೆಗಳಲ್ಲೂ ಹೊಸ್ತಿನ ದಿನ ಕದಿರು ಕಟ್ಟಿ ಹೊಸ ಅಕ್ಕಿ ಉಣ್ಣುವ ಪದ್ಧತಿಯಿದೆ. ಇಗರ್ಜಿಯ ಆಚರಣೆಯನ್ನು ಇದರ ಅನುಕರಣೆ ಎಂದುಬಿಡುವುದು ಅವಸರದ ಮಾತು. ಮತಾಂತರಕ್ಕೆ ಮೊದಲೂ ಆಮೇಲೂ ಬೇಸಾಯಗಾರರಾಗಿದ್ದವರು ತಮ್ಮ ಬೆಳೆಯನ್ನು ದೇವರ ಮುಂದಿಟ್ಟದ್ದರಲ್ಲಿ ಎರವಲು ತಂದದ್ದೇನಿದೆ?

ಬ್ರಹ್ಮಾವರದ ಕಥೆ ಇನ್ನಷ್ಟು ವಿಚಿತ್ರ. 1886ರಲ್ಲಿ ಪೋಪರಿಗೂ ಪೋರ್ಚುಗಲ್ಲಿಗೂ ಆದ ಒಪ್ಪಂದದಿಂದ ಇಗರ್ಜಿಗಳ ಮೇಲಿನ ಗೋವೆಯ ಆಡಳಿತ ಕೈತಪ್ಪಿದಾಗ ಇಲ್ಲಿನ ಕೊಂಕಣಿ ಕ್ರೈಸ್ತರಲ್ಲಿ ಒಂದು ಗುಂಪು ಒಪ್ಪಲಿಲ್ಲ. ಗೋವೆಯ ಧರ್ಮಗುರು ಆಲ್ವಾರಿಸ್ ಮಾರ್ ಜೂಲಿಯಸ್ 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಬಿಷಪ್ ಆದರು; ಆ ಗುಂಪು ಅವರ ಸಭೆ ಸೇರಿತು, ಬ್ರಹ್ಮಾವರದಲ್ಲಿ ಧರ್ಮಗುರು ಆರ್. ಝಡ್. ನೊರೊನ್ಹಾ ಜನರನ್ನು ಮುನ್ನಡೆಸಿದರು. ಸಭೆ ಬದಲಾದರೂ ಪೂಜಾಕ್ರಮ ಬಹುಕಾಲ ಲ್ಯಾಟಿನ್ನಿನದೇ ಇತ್ತು, ಮನೆಮಾತು ಕೊಂಕಣಿ. ಸಿರಿಯನ್ ಕ್ರಮ ಬಂದದ್ದು ಎಷ್ಟೋ ಕಾಲದ ನಂತರ. ಇಗರ್ಜಿಯ ಆಡಳಿತದ ಜಗಳವನ್ನಷ್ಟೇ ದಾಖಲಿಸಿದವರು ಈ ಸಾಂಸ್ಕೃತಿಕ ಹಟವನ್ನು ಗಮನಿಸಿದ್ದು ಕಡಿಮೆ.

ಬ್ರಹ್ಮಾವರದ ಹಳೆಯ ಲ್ಯಾಟಿನ್ ಕ್ರಮದಲ್ಲಿ ಪೂಜೆ ಕೇಳಿ ಬೆಳೆದ ಹಿರಿಯರ ನೆನಪುಗಳನ್ನು, ಪ್ರಾರ್ಥನೆಗಳನ್ನು ಮಂಗಳೂರು ವಿಶ್ವವಿದ್ಯಾಲಯವೂ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿಯೂ ಕೂಡಿ ಈಗಲೇ ಧ್ವನಿಮುದ್ರಿಸಬೇಕು.